ಧರ್ಮದ ಒಪ್ಪಿಗೆಗೂ ಲೆಕ್ಕಪತ್ರದ ಆಸರೆ ಬೇಕು

ಶ್ರೀರಂಗಪಟ್ಟಣದ ಗಂಜಾಂ ಎಂದೊಡನೆ ನೆನಪಾಗುವುದು ನಿಮಿಷಾಂಬ ದೇವಾಲಯ ಮತ್ತು ಗುಂಬಜ್. ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ತಂದು ಟಿಪ್ಪು ಸುಲ್ತಾನ್ ಈ ಪೇಟೆ ಕಟ್ಟಿದನೆಂದು ರೈಸ್ ಗೆಜೆಟಿಯರ್ ಹೇಳುತ್ತದೆ. ಅದೇ ಟಿಪ್ಪುವಿನ ಕಾಲದ ಒಂದು ಯೋಜನೆಯನ್ನು ಇಂದು ಓದಿದರೂ ಬೆರಗಾಗುತ್ತದೆ. 1790ರ ದಶಕದಲ್ಲಿ ಟಿಪ್ಪುವಿನ ವ್ಯಾಪಾರ ನಿಯಮಾವಳಿ, ಸರ್ಕಾರಿ ವ್ಯಾಪಾರದಲ್ಲಿ ಹಣ ತೊಡಗಿಸುವಂತೆ ಪ್ರಜೆಗಳನ್ನು ಕರೆಯಿತು. 500 ರೂಪಾಯಿವರೆಗೆ ಇಟ್ಟವರಿಗೆ ವರ್ಷಕ್ಕೆ ಶೇ 50, 5,000ದವರೆಗೆ ಶೇ 25, ಅದಕ್ಕೂ ಮೇಲಾದರೆ ಶೇ 12 ಲಾಭ. ಬಡವರ ಸಣ್ಣ ಗಂಟಿಗೇ ದೊಡ್ಡ ಪಾಲು! ಆದರೆ ದರ ಗೊತ್ತುಮಾಡಿದವನೂ ಲೆಕ್ಕ ನೋಡಬೇಕಾದವನೂ ದೊರೆಯೇ. 1799ರಲ್ಲಿ ಅವನು ಮಡಿದಾಗ ಆ ಭರವಸೆಗೆ ಆಧಾರ ಉಳಿಯಲಿಲ್ಲ.

ಬಡ್ಡಿ ಕೊಡದ, ಬಡ್ಡಿ ಪಡೆಯದ ಇಸ್ಲಾಮಿ ಬ್ಯಾಂಕುಗಳ ಪತ್ತು ನಿಂತಿರುವುದೂ ಲೆಕ್ಕ ನೋಡುವವರು ಯಾರು ಎಂಬ ಪ್ರಶ್ನೆಯ ಮೇಲೆಯೇ. ಈ ಬ್ಯಾಂಕುಗಳು ಸರಕು ಕೊಂಡು ಲಾಭವಿಟ್ಟು ಕಂತಿನಲ್ಲಿ ಮಾರುತ್ತವೆ, ಇಲ್ಲವೇ ಬಂಡವಾಳ ಹಾಕಿ ಲಾಭ ಹಂಚಿಕೊಳ್ಳುತ್ತವೆ. ವ್ಯವಹಾರ ಷರಿಯತ್‌ಗೆ ಒಪ್ಪುವುದೇ ಎಂದು ವಿದ್ವಾಂಸರ ಮಂಡಳಿ ನೋಡುತ್ತದೆ. ಇಸ್ಲಾಮಿ ಹಣಕಾಸು ಸಂಸ್ಥೆಗಳಿಗೆ ಮಾನದಂಡ ರೂಪಿಸುವ ಬಹರೇನ್‌ನ ಎಎಒಐಎಫ್‌ಐ ಸಂಸ್ಥೆಯ ನಿಯಮದಂತೆ ಅದರಲ್ಲಿ ಕನಿಷ್ಠ ಮೂವರಿರಬೇಕು. ಮಂಡಳಿ ತಪ್ಪೆಂದ ಆದಾಯ ದಾನಕ್ಕೆ ಹೋಗುತ್ತದೆ, ಲಾಭ ತಗ್ಗುತ್ತದೆ, ಠೇವಣಿದಾರರು ಕದಲುತ್ತಾರೆ. ಹೀಗಾಗಿ ಧಾರ್ಮಿಕ ತೀರ್ಪು ನೇರವಾಗಿ ಪತ್ತನ್ನು ಮುಟ್ಟುತ್ತದೆ. ಯುಎಇಯ ಡಾನಾ ಗ್ಯಾಸ್ ಕಂಪನಿ 2017ರಲ್ಲಿ ತಾನೇ ಹೊರಡಿಸಿದ್ದ ಸುಕೂಕ್ ಎಂಬ ಇಸ್ಲಾಮಿ ಹೂಡಿಕೆ ಪತ್ರಗಳು ಷರಿಯತ್‌ಗೆ ಒಪ್ಪುವುದಿಲ್ಲವೆಂದು ಪಾವತಿ ನಿಲ್ಲಿಸಿದಾಗ ಹೂಡಿಕೆದಾರರು ಬೆಚ್ಚಿಬಿದ್ದರು. ಆದರೆ ಮಂಡಳಿಯ ಮುದ್ರೆಯೊಂದೇ ಬ್ಯಾಂಕನ್ನು ಕಾಯಲಾರದು. ವಿದ್ವಾಂಸರ ಗೌರವಧನ ಬರುವುದೂ ಬ್ಯಾಂಕಿನಿಂದಲೇ. ಟರ್ಕಿಯ ಇಹ್ಲಾಸ್ ಫೈನಾನ್ಸ್ ಬಡ್ಡಿರಹಿತ ಸಂಸ್ಥೆಯಾಗಿದ್ದೂ 2001ರಲ್ಲಿ ಮುಚ್ಚಿತು.

ನಮ್ಮಲ್ಲೇ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆಯ ಉದಾಹರಣೆ ಇದೆ. ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿ, ಹಣ ಕೊಟ್ಟವರನ್ನು ಪಾಲುದಾರರೆಂದು ಕಾಗದದಲ್ಲಿ ತೋರಿಸಿದ ಈ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿಯಿತು. ಹತ್ತಾರು ಸಾವಿರ ಮಂದಿ ದೂರು ಕೊಟ್ಟರು. ಅದು ಬ್ಯಾಂಕೇ ಅಲ್ಲ, ಅದರ ಪಾಪವನ್ನು ಇಸ್ಲಾಮಿ ಬ್ಯಾಂಕಿನ ತಲೆಗೆ ಕಟ್ಟಬಾರದು ಎನ್ನುವವರಿದ್ದಾರೆ. ಅವರ ಮಾತು ಸರಿ. ಆದರೂ ನಿಯಂತ್ರಣವಿಲ್ಲದ ಕಡೆ ಧರ್ಮದ ಹೆಸರು ಎಷ್ಟು ಸುಲಭವಾಗಿ ಬಂಡವಾಳವಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಜಾತ್ಯತೀತ ದೇಶದ ರಿಸರ್ವ್ ಬ್ಯಾಂಕ್ ಧಾರ್ಮಿಕ ವಿಷಯಕ್ಕೆ ಕೈಹಾಕಬೇಕೇ ಎಂಬುದು ಇನ್ನೊಂದು ಆಕ್ಷೇಪ. ಬೇಕಿಲ್ಲ. ಮಲೇಷ್ಯಾದಲ್ಲಿ ಕೇಂದ್ರ ಬ್ಯಾಂಕಿನದೇ ಷರಿಯತ್ ಮಂಡಳಿಯ ತೀರ್ಪು ಕಡ್ಡಾಯ. ಆದರೆ ಬ್ರಿಟನ್ 2004ರಲ್ಲಿ ಇಸ್ಲಾಮಿಕ್ ಬ್ಯಾಂಕ್ ಆಫ್ ಬ್ರಿಟನ್‌ಗೆ ಪರವಾನಗಿ ಕೊಟ್ಟಾಗ ಧರ್ಮವನ್ನು ವಿದ್ವಾಂಸರಿಗೆ ಬಿಟ್ಟು, ಬಂಡವಾಳ ಮತ್ತು ಆಡಳಿತವನ್ನು ಮಾತ್ರ ನೋಡಿತು. ನಮಗೆ ಹೊಂದುವುದು ಈ ಎರಡನೆಯ ದಾರಿ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಶಿಫಾರಸು ಮಾಡಿತ್ತು. ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಬಡ್ಡಿಗೆ ಅಂಜಿ ಬ್ಯಾಂಕಿನಿಂದ ದೂರ ಉಳಿದ ಸಣ್ಣ ಉಳಿತಾಯಗಾರರಿಗೆ ಹಾಗೆ ಒಂದು ಬಾಗಿಲು ಮುಚ್ಚಿತು. ಅದು ಮತ್ತೆ ತೆರೆಯುವವರೆಗೆ, ಹಣ ಇಡುವ ಮುನ್ನ ಫತ್ವಾ ಕೇಳುವವರು ಲೆಕ್ಕಪರಿಶೋಧನೆಯ ವರದಿಯನ್ನೂ ರಿಸರ್ವ್ ಬ್ಯಾಂಕಿನ ಪರವಾನಗಿಯನ್ನೂ ಕೇಳಲಿ.