ಓಮದ ಕಾಳಿನಿಂದ ಬಾಟಲಿಯವರೆಗೆ: ಮೌತ್‌ವಾಶ್ ಬೆಳೆದುಬಂದ ಬಗೆ

ಅಂಗಡಿಯಲ್ಲಿ ಸಿಗುವ ಮೌತ್‌ವಾಶ್‌ನ ಮೂಲ 19ನೇ ಶತಮಾನದ ಶಸ್ತ್ರಚಿಕಿತ್ಸೆಯಲ್ಲಿದೆ. ಗ್ಲಾಸ್ಗೋದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ 1865ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯ ತೊಳೆದು, ಕೀವಾಗುವುದನ್ನು ತಡೆಯಬಹುದೆಂದು ತೋರಿಸಿದರು. ಕಣ್ಣಿಗೆ ಕಾಣದ ಜೀವಿಗಳನ್ನು ಕೊಂದರೆ ರೋಗಿ ಉಳಿಯುತ್ತಾನೆ ಎಂಬ ತಿಳಿವು ಅಲ್ಲಿಂದ ಹರಡಿತು. 1879ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವೈದ್ಯ ಜೋಸೆಫ್ ಲಾರೆನ್ಸ್ ಗಾಯ ತೊಳೆಯಲು ಒಂದು ದ್ರಾವಣ ತಯಾರಿಸಿ, ಲಿಸ್ಟರ್ ಅವರ ಗೌರವಾರ್ಥ ‘ಲಿಸ್ಟರಿನ್’ ಎಂದು ಹೆಸರಿಟ್ಟರು. ಔಷಧ ವ್ಯಾಪಾರಿ ಜೋರ್ಡನ್ ಲ್ಯಾಂಬರ್ಟ್ ಅದರ ಹಕ್ಕು ಪಡೆದು ಮಾರಾಟಕ್ಕಿಳಿದರು. 1895ರ ಹೊತ್ತಿಗೆ ಅದು ದಂತವೈದ್ಯರ ಕೈ ಸೇರಿತು. 1914ರಲ್ಲಿ ವೈದ್ಯರ ಚೀಟಿಯಿಲ್ಲದೆ ಜನರಿಗೂ ಸಿಗತೊಡಗಿತು.

ಈ ದ್ರಾವಣದ ಮುಖ್ಯ ಘಟಕಗಳು ನಾಲ್ಕು. ಓಮದ ಕಾಳಿನ ಘಾಟಿಗೆ ಕಾರಣವಾದ ಥೈಮಾಲ್, ಪುದೀನ ಜಾತಿಯ ಗಿಡಗಳಲ್ಲಿರುವ ಮೆಂಥಾಲ್, ನೀಲಗಿರಿ ಎಲೆಯ ಯೂಕಲಿಪ್ಟಾಲ್ ಮತ್ತು ವಿಂಟರ್‌ಗ್ರೀನ್ ಗಿಡದ ಮೀಥೈಲ್ ಸ್ಯಾಲಿಸಿಲೇಟ್. ನಾಲ್ಕೂ ಸಸ್ಯಗಳಲ್ಲಿ ಇರುವಂಥವೇ. ಇಂದು ಇವನ್ನು ಕಾರ್ಖಾನೆಯಲ್ಲಿಯೂ ತಯಾರಿಸುತ್ತಾರೆ. ಹಾಗೆಂದು ಅಣುವಿನ ಗುಣ ಬದಲಾಗುವುದಿಲ್ಲ. ನೀರಿನಲ್ಲಿ ಸುಲಭವಾಗಿ ಕರಗದ ಇವನ್ನು ಕರಗಿಸಲು ಮೂಲ ಲಿಸ್ಟರಿನ್‌ನಲ್ಲಿ ಶೇ 26.9ರಷ್ಟು ಆಲ್ಕೊಹಾಲ್ ಬಳಸಲಾಗಿದೆ.

1920ರ ದಶಕದಲ್ಲಿ ಜಾಹೀರಾತುಗಳು ಬಾಯಿಯ ದುರ್ವಾಸನೆಗೆ ‘ಹ್ಯಾಲಿಟೋಸಿಸ್’ ಎಂಬ ವೈದ್ಯಕೀಯ ಹೆಸರು ಕೊಟ್ಟು, ಅದರಿಂದ ಮದುವೆ ತಪ್ಪುತ್ತದೆ, ಸ್ನೇಹ ಕೆಡುತ್ತದೆ ಎಂಬ ಭಯ ಬಿತ್ತಿದವು. ಮಾರಾಟ ಹಲವು ಪಟ್ಟು ಏರಿತು. ನೆಗಡಿಯನ್ನೂ ತಡೆಯುತ್ತದೆ ಎಂಬ ಪ್ರಚಾರ ದಶಕಗಳ ಕಾಲ ನಡೆಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಇದನ್ನು ಸುಳ್ಳೆಂದು ತೀರ್ಮಾನಿಸಿ, ತಿದ್ದುಪಡಿ ಜಾಹೀರಾತು ನೀಡಲು ಆದೇಶಿಸಿತು. 1977ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ಆದೇಶದ ತಿರುಳನ್ನು ಎತ್ತಿಹಿಡಿಯಿತು.

ಎರಡನೇ ಘಟ್ಟ ಕ್ಲೋರ್‌ಹೆಕ್ಸಿಡಿನ್‌ನದು. ಬ್ರಿಟನ್‌ನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಸೂಕ್ಷ್ಮಾಣುನಾಶಕ 1954ರಲ್ಲಿ ಬಳಕೆಗೆ ಬಂತು. ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಮತ್ತು ಶಿಯೋಟ್ 1970ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇ 0.2ರ ದ್ರಾವಣದಿಂದ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಿದರೆ ಹಲ್ಲಿನ ಮೇಲೆ ಪಾಚಿ ಕಟ್ಟುವುದು ನಿಲ್ಲುತ್ತದೆ. ವಸಡಿನ ರೋಗಕ್ಕೆ ಮತ್ತು ಹಲ್ಲು ಕಿತ್ತ ನಂತರದ ಆರೈಕೆಗೆ ದಂತವೈದ್ಯರು ಇದನ್ನೇ ಬರೆದುಕೊಡುತ್ತಾರೆ. ಆದರೆ ವಾರಗಟ್ಟಲೆ ಬಳಸಿದರೆ ಹಲ್ಲು, ನಾಲಗೆ ಕಂದು ಬಣ್ಣಕ್ಕೆ ತಿರುಗುತ್ತವೆ, ರುಚಿ ಕೆಡುತ್ತದೆ, ಹಲ್ಲಿನ ಮೇಲೆ ಗಾರೆ ಹೆಚ್ಚುತ್ತದೆ. ಅಪರೂಪಕ್ಕೆ ತೀವ್ರ ಅಲರ್ಜಿಯೂ ಆಗಬಹುದು. ಆದ್ದರಿಂದ ಇದು ವೈದ್ಯರು ಹೇಳಿದಷ್ಟು ದಿನಗಳಿಗೆ ಮಾತ್ರ ಮೀಸಲಾದ ಔಷಧ. ಟೂತ್‌ಪೇಸ್ಟಿನ ನೊರೆಯ ಅಂಶ ಇದರ ಶಕ್ತಿ ಕುಂದಿಸುವುದರಿಂದ, ಹಲ್ಲುಜ್ಜಿದ ಅರ್ಧ ಗಂಟೆಯ ನಂತರ ಬಳಸುವುದು ವಾಡಿಕೆ.

ಸೂಕ್ಷ್ಮಾಣುಗಳೆಲ್ಲವೂ ಶತ್ರುಗಳಲ್ಲ ಎಂಬ ಅರಿವು ಈಚಿನದು. ಸೊಪ್ಪು, ಬೀಟ್‌ರೂಟ್‌ಗಳಲ್ಲಿರುವ ನೈಟ್ರೇಟನ್ನು ನಾಲಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ದೇಹ ಅದರಿಂದ ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಪಡೆಯುತ್ತದೆ. ಪ್ರಬಲ ಸೂಕ್ಷ್ಮಾಣುನಾಶಕದಿಂದ ಈ ಸರಪಳಿ ಕಡಿದಾಗ ರಕ್ತದೊತ್ತಡ ತುಸು ಏರುವುದು ಸಣ್ಣ ಪ್ರಯೋಗಗಳಲ್ಲಿ ಕಂಡುಬಂದಿದೆ.

ಆಲ್ಕೊಹಾಲ್ ಇರುವ ಮೌತ್‌ವಾಶ್‌ನಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಯೇ ಎಂಬ ಚರ್ಚೆ ಹಲವು ದಶಕಗಳಿಂದ ನಡೆದಿದೆ. ಅಧ್ಯಯನಗಳು ಒಂದೇ ಮಾತು ಹೇಳಿಲ್ಲ, ನಂಟು ಸಾಬೀತಾಗಿಲ್ಲ. ಆದರೂ ತಂಬಾಕು, ಮದ್ಯದ ಅಭ್ಯಾಸವಿರುವವರು, ಬಾಯಿ ಒಣಗುವ ತೊಂದರೆ ಅಥವಾ ಹುಣ್ಣು ಇರುವವರು ಆಲ್ಕೊಹಾಲ್ ಇಲ್ಲದ್ದನ್ನು ಆರಿಸುವುದು ಕ್ಷೇಮ.

ಹುಳುಕು ತಡೆಯಲು ಫ್ಲೋರೈಡ್ ಇರುವ ದ್ರಾವಣಗಳಿವೆ. ದಿನಬಳಕೆಯ ದ್ರಾವಣದಲ್ಲಿ ಸಾಮಾನ್ಯವಾಗಿ ಶೇ 0.05ರಷ್ಟು ಸೋಡಿಯಂ ಫ್ಲೋರೈಡ್ ಇರುತ್ತದೆ. ಆರು ವರ್ಷದೊಳಗಿನ ಮಕ್ಕಳು ಉಗುಳುವ ಬದಲು ನುಂಗಿಬಿಡುವುದರಿಂದ ಅವರಿಗೆ ಕೊಡಬಾರದು. ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳ ಅನೇಕ ಊರುಗಳಲ್ಲಿ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಮಿತಿಮೀರಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ಅಲ್ಲಿ ಇಂಥ ದ್ರಾವಣ ಕೊಳ್ಳುವ ಮೊದಲು ದಂತವೈದ್ಯರನ್ನು ಕೇಳಲೇಬೇಕು.

ಬಾಟಲಿಗಿಂತ ಬಹಳ ಹಳೆಯದು ಆಯುರ್ವೇದದ ಕ್ರಮ. ಬಾಯಿ ತುಂಬ ದ್ರವ ತುಂಬಿಕೊಂಡು ಅಲುಗಾಡಿಸದೆ ಇರಿಸಿಕೊಳ್ಳುವುದು ಗಂಡೂಷ. ಸ್ವಲ್ಪವೇ ತುಂಬಿಕೊಂಡು ಮುಕ್ಕಳಿಸುವುದು ಕವಲ. ಎಳ್ಳೆಣ್ಣೆ, ತ್ರಿಫಲಾ ಕಷಾಯಗಳು ಇದಕ್ಕೆ ಬಳಕೆಯಲ್ಲಿವೆ. ಎಣ್ಣೆ ಮುಕ್ಕಳಿಸಿದರೆ ಪಾಚಿ ಕಡಿಮೆಯಾಗುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ಸೂಚಿಸಿದರೂ ಗಟ್ಟಿ ಪುರಾವೆ ಇನ್ನೂ ಒದಗಿಲ್ಲ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದ ಪ್ರಕರಣಗಳಿರುವುದರಿಂದ ಮಕ್ಕಳಿಗೆ, ನುಂಗಲು ಕಷ್ಟಪಡುವ ವೃದ್ಧರಿಗೆ ಇದು ತಕ್ಕುದಲ್ಲ. ಬೇವಿನ ಕಡ್ಡಿಯನ್ನು ಜಗಿದು ಕುಂಚದಂತೆ ಮಾಡಿ ಮೆಲ್ಲಗೆ ಉಜ್ಜಿದರೆ ಹಲ್ಲು ಶುಚಿಯಾಗುತ್ತದೆ. ಬಿರುಸಾಗಿ ತಿಕ್ಕಿದರೆ ವಸಡು ಗಾಯಗೊಳ್ಳುತ್ತದೆ. ಇದ್ದಿಲಿನ ಪುಡಿ ಹಲ್ಲಿನ ಎನಾಮಲ್ ಸವೆಸುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಮುಕ್ಕಳಿಸುವುದು ಅಗ್ಗ, ನಿರಪಾಯ. ಹುಣ್ಣಿಗೆ, ಊದಿದ ವಸಡಿಗೆ ಹಿತ.

‘ನೈಸರ್ಗಿಕ’ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ. ಲವಂಗದ ಎಣ್ಣೆ ಹಲ್ಲುನೋವಿಗೆ ಕೊಂಚ ಹೊತ್ತು ಶಮನ ಕೊಡುತ್ತದೆ, ಆದರೆ ಏನನ್ನೂ ಬೆರೆಸದೆ ಹಚ್ಚಿದರೆ ವಸಡು ಸುಡುತ್ತದೆ. ಒಂದು ಚಮಚ ಶುದ್ಧ ವಿಂಟರ್‌ಗ್ರೀನ್ ಎಣ್ಣೆ ನುಂಗಿದರೆ ಪುಟ್ಟ ಮಗುವಿನ ಪ್ರಾಣಕ್ಕೇ ಅಪಾಯ. ತಂಬಾಕು ಕೂಡ ಎಲೆಯೇ. ಅದನ್ನು ಬೆರೆಸಿದ ಹಲ್ಲುಪುಡಿ, ಪೇಸ್ಟ್‌ಗಳನ್ನು ಭಾರತ 1992ರಲ್ಲಿ ನಿಷೇಧಿಸಿತು. ಘಟಕ ಗಿಡದಿಂದ ಬಂದಿರಲಿ, ಕಾರ್ಖಾನೆಯಿಂದ ಬಂದಿರಲಿ, ಅದರ ಪ್ರಮಾಣ, ಬಳಸುವ ಅವಧಿ ಮತ್ತು ಬಳಸುವವರ ವಯಸ್ಸು, ಆರೋಗ್ಯಗಳೇ ಸುರಕ್ಷತೆಯನ್ನು ನಿರ್ಧರಿಸುತ್ತವೆ. ಆರೋಗ್ಯವಂತರಿಗೆ ಮೌತ್‌ವಾಶ್ ಅನಿವಾರ್ಯವೇನಲ್ಲ. ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿ, ಸಂದಿಗಳನ್ನು ಶುಚಿಗೊಳಿಸಿ, ನಾಲಗೆ ಕೆರೆದುಕೊಂಡರೆ ಸಾಕು. ಅಷ್ಟು ಮಾಡಿಯೂ ದುರ್ವಾಸನೆ ಅಥವಾ ವಸಡಿನ ರಕ್ತಸ್ರಾವ ಉಳಿದರೆ ಕಾರಣ ಹುಡುಕಲು ದಂತವೈದ್ಯರ ಬಳಿ ಹೋಗಬೇಕು. ಸುವಾಸನೆಯ ದ್ರಾವಣ ಆ ಕಾರಣವನ್ನು ಮರೆಮಾಚುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ.