ವೃದ್ಧಾಶ್ರಮದ ಹಿರಿಯರೂ ಮನೆಯವರೂ

ನಾವು ದಿನವೂ ಆಡುವ ಒಂದು ಮಾತನ್ನು ತಾವು ಗಮನಿಸಿರಬಹುದು. ಮಗನನ್ನು ಹಾಸ್ಟೆಲಿಗೆ 'ಸೇರಿಸಿದೆವು' ಎನ್ನುತ್ತೇವೆ. ತಾಯಿಯನ್ನು ವೃದ್ಧಾಶ್ರಮಕ್ಕೆ 'ಬಿಟ್ಟು ಬಂದೆವು' ಎನ್ನುತ್ತೇವೆ. ಎರಡು ಕಡೆಯೂ ನಡೆದ ಕಾರ್ಯ ಹೆಚ್ಚು ಕಡಿಮೆ ಒಂದೇ. ಹಾಸಿಗೆ, ಬಟ್ಟೆಯ ಪೆಟ್ಟಿಗೆಗಳನ್ನು ಹೊತ್ತು ಹೋಗಿ, ಹಣ ಕಟ್ಟಿ, ರಸೀತಿ ಪಡೆದು, ಕಣ್ಣೊರೆಸಿಕೊಂಡು ಹಿಂದಿರುಗಿದ್ದು. ಆದರೆ ಮಗನನ್ನು ಸೇರಿಸಿ ಬಂದವರು ಮರು ತಿಂಗಳೇ ಚಕ್ಕುಲಿ ಕೋಡುಬಳೆಯ ಡಬ್ಬಿ ಹಿಡಿದು ವಾರ್ಡನ್ನರ ಮುಂದೆ ನಿಂತಿರುತ್ತಾರೆ. ತಾಯಿಯನ್ನು ಬಿಟ್ಟು ಬಂದವರಿಗೆ ಮತ್ತೆ ಅಲ್ಲಿಗೆ ಹೋಗಲು ಕಾಲು ಏಳುವುದಿಲ್ಲ. ಪ್ರೀತಿ ಇಲ್ಲವೆಂದಲ್ಲ, ಎಷ್ಟೋ ವೇಳೆ ನಾಚಿಕೆ, ತಪ್ಪು ಮಾಡಿದೆನೆಂಬ ಅಳುಕು ಅವರನ್ನು ತಡೆಯುತ್ತದೆ. ಈ ಅಳುಕಿನಿಂದ ಹೊರಬಂದು, ಆಶ್ರಮದಲ್ಲಿರುವ ಹಿರಿಯರೊಡನೆ ಮನೆಯ ನಂಟನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಭಾಷಣದ ವಿಷಯ.

ವೃದ್ಧಾಶ್ರಮವೆಂಬುದು ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದ ವಸ್ತುವಲ್ಲ. 'ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್' ಎಂಬ ಕ್ರೈಸ್ತ ಸನ್ಯಾಸಿನಿಯರ ಸಂಸ್ಥೆ 1882ರಷ್ಟು ಹಿಂದೆಯೇ ಕಲ್ಕತ್ತೆಯಲ್ಲಿ ನಿರ್ಗತಿಕ ವೃದ್ಧರಿಗಾಗಿ ಒಂದು ಮನೆಯನ್ನು ತೆರೆಯಿತು. ಅಂದು ಅದು ದಿಕ್ಕಿಲ್ಲದವರ ತಾಣವಾಗಿತ್ತು. ಇಂದು ಮಕ್ಕಳು ಮೊಮ್ಮಕ್ಕಳು ಇರುವವರೂ ಅಂಥ ಮನೆಗಳಲ್ಲಿದ್ದಾರೆ. 2011ರ ಜನಗಣತಿಯಂತೆ ಭಾರತದಲ್ಲಿ ಅರುವತ್ತು ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ, ಕರ್ನಾಟಕದಲ್ಲಿ ಸುಮಾರು 58 ಲಕ್ಷ. ಆಯುಸ್ಸು ಬೆಳೆದಿದೆ, ಮನೆಯಲ್ಲಿರುವ ಜನ ಕಡಮೆಯಾಗಿದ್ದಾರೆ, ಗಂಡ ಹೆಂಡತಿ ಇಬ್ಬರೂ ದುಡಿಯಬೇಕಾಗಿದೆ. ಪಾರ್ಶ್ವವಾಯು ಬಡಿದವರನ್ನೋ ಮರೆವಿನ ರೋಗಕ್ಕೆ ತುತ್ತಾದವರನ್ನೋ ಹಗಲಿರುಳು ನೋಡಿಕೊಳ್ಳುವ ಶಕ್ತಿ ಎಲ್ಲ ಮನೆಗಳಿಗೂ ಇರುವುದಿಲ್ಲ. ಆದ್ದರಿಂದ ಆಶ್ರಮಕ್ಕೆ ಸೇರಿಸಿದವರೆಲ್ಲ ಕೃತಘ್ನರೆಂದು ತೀರ್ಪು ಕೊಡುವುದು ಸುಲಭವಾದರೂ ನ್ಯಾಯವಲ್ಲ. ಸೇರಿಸಿದ ಮೇಲೆ ಏನು ಮಾಡಿದರು ಎಂಬುದನ್ನು ಕೇಳುವುದು ಹೆಚ್ಚು ಉಚಿತ.

ಈ ವಿಷಯದಲ್ಲಿ ಕಾನೂನಿನ ಕೈ ಎಷ್ಟು ದೂರ ಚಾಚಬಲ್ಲದೆಂಬುದನ್ನು ನೋಡೋಣ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ನಮ್ಮ ಸಂಸತ್ತು ಒಂದು ಕಾಯಿದೆಯನ್ನು ಮಾಡಿತು. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳು ಅದರ ಮೇರೆಗೆ ನ್ಯಾಯಮಂಡಳಿಯ ಮೊರೆಹೋಗಿ ಮಕ್ಕಳಿಂದ ಮಾಸಾಶನ ಪಡೆಯಬಹುದು. ಆ ಕಾಯಿದೆಯಲ್ಲಿ 'ಪೋಷಣೆ' ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಅನ್ನವಿದೆ, ಬಟ್ಟೆಯಿದೆ, ವಸತಿಯಿದೆ, ಔಷಧೋಪಚಾರವಿದೆ. ಅಕ್ಕರೆಯ ಒಂದು ಮಾತು ಇಲ್ಲ. ಇರುವುದೂ ಸಾಧ್ಯವಿಲ್ಲ. ನ್ಯಾಯಮಂಡಳಿ ಹಣವನ್ನು ಕೊಡಿಸಬಲ್ಲದು. ಭಾನುವಾರ ಸಂಜೆ ತಾಯಿಯ ಪಕ್ಕದಲ್ಲಿ ಕುಳಿತು ಕಾಫಿ ಕುಡಿಯುವಂತೆ ಯಾರಿಗೂ ಆಜ್ಞೆ ಮಾಡಲಾರದು. ಕಾನೂನು ನಿಂತ ಸ್ಥಳದಿಂದಲೇ ಮನೆಯವರ ಕೆಲಸ ಮೊದಲಾಗುತ್ತದೆ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ನನ್ನ ಚಿಕ್ಕಮ್ಮ ಊರ ಹೊರಗಿನ ಒಂದು ಆಶ್ರಮದಲ್ಲಿದ್ದಾರೆ. ಮೊದಮೊದಲು ಅಲ್ಲಿಂದ ಹೊರಡುವಾಗಲೆಲ್ಲ, "ಬರುವ ಭಾನುವಾರ ಬರುತ್ತೇನೆ ಚಿಕ್ಕಮ್ಮ" ಎಂದು ಹೇಳಿ ಬರುತ್ತಿದ್ದೆ. ಅದು ಬೀಳ್ಕೊಳ್ಳುವಾಗ ಆಡುವ ಮಾತು; ಅದನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಂದು ನನಗೆ ಹೊಳೆದಿರಲಿಲ್ಲ. ಒಮ್ಮೆ ಮೂರು ವಾರ ಬಿಟ್ಟು ಹೋದಾಗ ಅಲ್ಲಿನ ಆಯಾ ನನ್ನನ್ನು ಪಕ್ಕಕ್ಕೆ ಕರೆದು, ಮೂರು ಭಾನುವಾರವೂ ಚಿಕ್ಕಮ್ಮ ಬೆಳಿಗ್ಗೆಯೇ ಸ್ನಾನ ಮಾಡಿ, ಒಳ್ಳೆಯ ಸೀರೆಯುಟ್ಟು, ಊಟದ ಗಂಟೆ ಬಾರಿಸಿದರೂ ಏಳದೆ ಜಗುಲಿಯಲ್ಲಿ ಕುಳಿತಿದ್ದರೆಂದು ಹೇಳಿದಳು. ನಾನು ಏನೋ ಸಮಾಧಾನ ಹೇಳಹೊರಟೆ. ಚಿಕ್ಕಮ್ಮ ನಡುವೆಯೇ ತಡೆದು, "ನೀನು ಬರಲಿಲ್ಲ ಅಂತ ಬೇಜಾರಿಲ್ಲ ಕಣೋ. ಬರ್ತೀನಿ ಅಂತ ಹೇಳದೆ ಇದ್ದಿದ್ರೆ ಆ ದಿನವೂ ಬೇರೆ ದಿನದ ಹಾಗೇ ಕಳೆದುಹೋಗ್ತಿತ್ತು" ಎಂದರು.

ಚಿಕ್ಕಮ್ಮನ ಈ ಮಾತಿಗೆ ವಿದ್ವಾಂಸರ ಬೆಂಬಲವೂ ಇದೆಯೆಂಬುದು ನನಗೆ ಆಮೇಲೆ ತಿಳಿಯಿತು. ರಿಚರ್ಡ್ ಶುಲ್ಜ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1976ರಲ್ಲಿ ಒಂದು ಪರೀಕ್ಷೆಯ ವಿವರವನ್ನು ಪ್ರಕಟಿಸಿದರು. ವೃದ್ಧರ ನಿವಾಸವೊಂದರ ನಲವತ್ತು ಮಂದಿಯನ್ನು ಅವರು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿನವರನ್ನು ನೋಡಲು ಕಾಲೇಜಿನ ವಿದ್ಯಾರ್ಥಿಗಳು ಅವರು ಹೇಳಿದ ಹೊತ್ತಿಗೆ ಬರುತ್ತಿದ್ದರು. ಇನ್ನೊಂದು ಗುಂಪಿಗೆ ಬರುವ ಹೊತ್ತನ್ನು ಮುಂಚೆಯೇ ತಿಳಿಸಲಾಗುತ್ತಿತ್ತು. ಮೂರನೆಯದಕ್ಕೆ ಹೇಳದೆ ಕೇಳದೆ ಬರುತ್ತಿದ್ದರು. ನಾಲ್ಕನೆಯ ಗುಂಪಿಗೆ ಯಾರೂ ಬರುತ್ತಿರಲಿಲ್ಲ. ಭೇಟಿಯ ಹೊತ್ತನ್ನು ತಾವೇ ಗೊತ್ತುಮಾಡಿದವರೂ ಮೊದಲೇ ತಿಳಿದಿದ್ದವರೂ ಮಿಕ್ಕವರಿಗಿಂತ ಆರೋಗ್ಯದಲ್ಲಿಯೂ ಉಲ್ಲಾಸದಲ್ಲಿಯೂ ಮೇಲಾಗಿದ್ದರು. ಕಾದು ನಿರೀಕ್ಷಿಸುವುದಕ್ಕೆ ಒಂದು ದಿನವಿದ್ದರೆ ವಾರಕ್ಕೊಂದು ಆಕಾರ ಬರುತ್ತದೆ. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಪರೀಕ್ಷೆ ಮುಗಿದು ವಿದ್ಯಾರ್ಥಿಗಳ ಭೇಟಿ ನಿಂತ ಮೇಲೆ ಶುಲ್ಜರು ಮತ್ತೆ ವಿಚಾರಿಸಿ ನೋಡಿದರು. ಹೆಚ್ಚು ಚೇತರಿಸಿಕೊಂಡಿದ್ದವರೇ ಹೆಚ್ಚು ಕುಗ್ಗಿಹೋಗಿದ್ದರು. ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ನಡೆಸಿಕೊಂಡು ಹೋಗಲು ಸಾಧ್ಯವಾಗುವಷ್ಟನ್ನು ಮಾತ್ರ ಮಾತು ಕೊಡಬೇಕು. ಮೊದಲ ತಿಂಗಳು ದಿನವೂ ಹೋಗಿ ಆಮೇಲೆ ಮಾಯವಾಗುವುದಕ್ಕಿಂತ, ಹದಿನೈದು ದಿನಕ್ಕೊಮ್ಮೆಯಾದರೂ ತಪ್ಪದೆ ಹೋಗುವುದು ಲೇಸು. ಅಣ್ಣತಮ್ಮ ಅಕ್ಕತಂಗಿಯರಿದ್ದರೆ ಎಲ್ಲರೂ ಹಬ್ಬದ ದಿನವೇ ಗುಂಪಾಗಿ ಹೋಗುವ ಬದಲು ವಾರಗಳನ್ನು ಹಂಚಿಕೊಳ್ಳಬಹುದು.

ಹೋಗಿ ಮಾಡುವುದೇನು? "ಊಟ ಆಯಿತೇ, ಮಾತ್ರೆ ತೆಗೆದುಕೊಂಡೆಯಾ" ಎಂಬ ಎರಡು ಪ್ರಶ್ನೆಗಳು ಮುಗಿದ ಮೇಲೆ ಇಬ್ಬರೂ ಗೋಡೆ ನೋಡುತ್ತ ಕುಳಿತಿರುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಕೈಗೆ ಕೆಲಸವಿದ್ದರೆ ಬಾಯಿಗೆ ಮಾತು ತಾನಾಗಿ ಬರುತ್ತದೆ. ಅವರೆಕಾಯಿಯ ಕಾಲದಲ್ಲಿ ಒಂದು ಚೀಲ ಕಾಯಿ ಒಯ್ದು ಜೊತೆಯಲ್ಲಿ ಕುಳಿತು ಬಿಡಿಸಿರಿ, ಹೂ ಕಟ್ಟಿರಿ, ಬತ್ತಿ ಹೊಸೆಯಿರಿ. ಹಣ್ಣು ಬಿಸ್ಕತ್ತುಗಳನ್ನು ಕೊಡುವುದರ ಜೊತೆಗೆ ಅವರಿಂದ ಏನಾದರೂ ಪಡೆಯುವುದನ್ನೂ ಕಲಿಯಬೇಕು. ಗೊಜ್ಜಿಗೆ ಮೆಂತ್ಯ ಎಷ್ಟು ಹಾಕಬೇಕು, ಮಗುವಿಗೆ ಯಾವ ಹೆಸರಿಡೋಣ, ಊರಿನ ಮನೆಯ ಹಂಚು ಯಾವಾಗ ಹೊದಿಸಿದ್ದು ಎಂದು ಕೇಳಿದರೆ ಸಾಕು, ಮನೆಯ ಮಂತ್ರಾಲೋಚನೆಯಲ್ಲಿ ತಮಗಿನ್ನೂ ಸ್ಥಾನವಿದೆಯೆಂದು ಅವರಿಗೆ ಅನಿಸುತ್ತದೆ. ಕಿವಿ ಮಂದವಾಗಿರುವವರೊಡನೆ ಕೂಗಾಡಿ ಪ್ರಯೋಜನವಿಲ್ಲ. ಮುಪ್ಪಿನಲ್ಲಿ ಮೊದಲು ಕೈಕೊಡುವುದು ತಾರಸ್ವರಗಳು. ಆದ್ದರಿಂದ ಬೆಳಕಿಗೆ ಮುಖಮಾಡಿ ಎದುರಿಗೆ ಕುಳಿತು, ದನಿಯನ್ನು ತಗ್ಗಿಸಿ, ಬಿಡಿಸಿ ಬಿಡಿಸಿ ಮಾತನಾಡಬೇಕು.

ಆಶ್ರಮದಲ್ಲಿ ಆರೈಕೆ ಮಾಡುವವರೊಡನೆ ನಮ್ಮ ಸಂಬಂಧ ಹೇಗಿರಬೇಕೆಂಬುದೂ ಮುಖ್ಯ. ಅವರಿಗೆ ನಮ್ಮ ತಂದೆ ಹನ್ನೆರಡನೆಯ ಕೊಠಡಿಯ ಒಬ್ಬ ಮುದುಕ. ಅವರು ಮೂವತ್ತು ವರ್ಷ ಮೇಷ್ಟರಾಗಿದ್ದರು, ಬೆಳಿಗ್ಗೆ ಪತ್ರಿಕೆ ಓದದೆ ಯಾರೊಡನೆಯೂ ಮಾತಾಡುವುದಿಲ್ಲ, ಎಡಮಗ್ಗುಲಿಗೆ ಮಲಗಿದರೆ ಮಾತ್ರ ನಿದ್ದೆ, ಶನಿವಾರ ಎಣ್ಣೆ ಸ್ನಾನದ ರೂಢಿ ಎಂಬುದೆಲ್ಲ ಅವರಿಗೆ ತಿಳಿಯುವ ಬಗೆ ಹೇಗೆ? ಇವುಗಳನ್ನೂ, ಔಷಧಿಗಳ ಪಟ್ಟಿಯನ್ನೂ ಒಂದು ಹಾಳೆಯಲ್ಲಿ ಬರೆದುಕೊಡುವುದು ಒಳ್ಳೆಯದು. ಹೋದಾಗಲೆಲ್ಲ ಕೆಲವು ಸಂಗತಿಗಳನ್ನು ಕಣ್ಣಿಟ್ಟು ನೋಡಬೇಕು. ಕನ್ನಡಕ ಒಡೆದಿದೆಯೇ, ಕಟ್ಟಿಸಿದ ಹಲ್ಲು ಸಡಿಲವಾಗಿದೆಯೇ, ಬಟ್ಟೆ ಸಡಿಲವಾಗುವಷ್ಟು ಮೈ ಇಳಿದಿದೆಯೇ, ಪಾದ ಊದಿದೆಯೇ, ಹಾಸಿಗೆ ಹಿಡಿದವರಾದರೆ ಬೆನ್ನು ಸೊಂಟಗಳಲ್ಲಿ ಚರ್ಮ ಕೆಂಪೇರಿದೆಯೇ ಎಂದು. ಕುಂದು ಕಂಡರೆ ಹಿರಿಯರ ಎದುರಿನಲ್ಲಿ ರೇಗಾಡದೆ ಮೇಲ್ವಿಚಾರಕರಲ್ಲಿ ಪ್ರತ್ಯೇಕವಾಗಿ ಹೇಳಬೇಕು. ನಾವು ಹೊರಟುಬಂದ ಮೇಲೆ ಅಲ್ಲಿ ಇರಬೇಕಾದವರು ಅವರು. ಆದರೆ ಹಿಂಸೆಯ ಗುರುತು ಕಂಡಲ್ಲಿ ದಾಕ್ಷಿಣ್ಯ ಸಲ್ಲದು. ಹಿರಿಯ ನಾಗರಿಕರಿಗಾಗಿಯೇ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಅದಕ್ಕೆ ಕರೆ ಮಾಡಲು ಹಣ ಕೊಡಬೇಕಾಗಿಲ್ಲ.

ದೂರದೇಶದಲ್ಲಿರುವ ಮಕ್ಕಳ ಪಾಡು ಬೇರೆ. ಅವರಿಗೂ ನಿಯತಕಾಲದ ಸೂತ್ರವೇ ಸಲ್ಲುತ್ತದೆ. ಕ್ಯಾಲಿಫೋರ್ನಿಯದಲ್ಲಿರುವ ಮಗ ಬೇಸಗೆಯಲ್ಲಿ ಸಂಜೆ ಏಳೂವರೆಗೆ ಫೋನ್ ಮಾಡಿದರೆ ಇಲ್ಲಿ ಮರುದಿನ ಬೆಳಿಗ್ಗೆ ಎಂಟು ಗಂಟೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ; ತಾಯಿಯ ಎಂಟು ಗಂಟೆ ತಪ್ಪಬಾರದಾದರೆ ಆಗ ಅವನು ಆರೂವರೆಗೇ ಮಾಡಬೇಕು. ಇಷ್ಟು ಲೆಕ್ಕವನ್ನು ಮಗನಾದವನು ಇಟ್ಟುಕೊಳ್ಳಬಹುದು. 2020ರ ಕೊರೋನಾ ಕಾಲದಲ್ಲಿ ಆಶ್ರಮಗಳ ಬಾಗಿಲು ಹೊರಗಿನವರಿಗೆ ಮುಚ್ಚಿದ್ದಾಗ ಹತ್ತಿರವಿದ್ದವರೂ ದೂರದವರಾದರು. ಫೋನಿನ ತೆರೆಯ ಮೇಲಿನ ಮುಖವೊಂದೇ ಆಗ ಆಧಾರವಾಯಿತು. ಆದರೂ ದಪ್ಪ ಅಕ್ಷರದಲ್ಲಿ ಬರೆದ ಒಂದು ಕಾಗದಕ್ಕೆ ಫೋನಿಗಿಲ್ಲದ ಗುಣವಿದೆ. ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮತ್ತೆ ಮತ್ತೆ ಓದಬಹುದು.

ಎಲ್ಲಕ್ಕಿಂತ ಕಷ್ಟವಾದದ್ದು, ಹೋದವರ ಗುರುತೇ ಹಿರಿಯರಿಗೆ ಸಿಗದಂಥ ಸ್ಥಿತಿ. "ನಾನು ಯಾರು ಹೇಳು ನೋಡೋಣ" ಎಂದು ಅವರನ್ನು ಪರೀಕ್ಷೆಗೆ ಗುರಿಮಾಡಬಾರದು. ನಾವೇ ನಮ್ಮ ಹೆಸರನ್ನೂ ನಂಟನ್ನೂ ಹೇಳಿ ಕೈಹಿಡಿದುಕೊಂಡರೆ ಸಾಕು. "ಹೇಗೂ ಮರೆತುಬಿಡುತ್ತಾರೆ, ಹೋಗಿ ಫಲವೇನು" ಎಂದು ಕೇಳುವವರಿದ್ದಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಸಂಶೋಧಕರು 2014ರಲ್ಲಿ ಇದಕ್ಕೆ ಉತ್ತರವಾಗಬಲ್ಲ ಒಂದು ಸಂಗತಿಯನ್ನು ತೋರಿಸಿದರು. ಅಲ್ಝೈಮರ್ ರೋಗಿಗಳಿಗೆ ನಗಿಸುವ, ಅಳಿಸುವ ಚಿತ್ರಗಳ ತುಣುಕುಗಳನ್ನು ತೋರಿಸಿ ಸ್ವಲ್ಪ ಹೊತ್ತಿನ ಮೇಲೆ ವಿಚಾರಿಸಿದಾಗ, ನೋಡಿದ ಚಿತ್ರ ಅವರಿಗೆ ಹೆಚ್ಚುಕಡಮೆ ಮರೆತೇಹೋಗಿತ್ತು. ಆದರೆ ಅದು ಎಬ್ಬಿಸಿದ ಸಂತೋಷವೂ ದುಃಖವೂ ಮನಸ್ಸಿನಲ್ಲಿ ಉಳಿದಿದ್ದವು. ನಾವು ಬಂದು ಹೋದದ್ದು ಮರೆತರೂ ಬಂದುದರ ಸುಖ ಕೆಲಹೊತ್ತು ಉಳಿದಿರುತ್ತದೆ.

ಈಗ ನನ್ನ ಚಿಕ್ಕಮ್ಮನ ಮಂಚದ ಪಕ್ಕದ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇವೆ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರಗಳ ಸುತ್ತ ಕೆಂಪು ಸೊನ್ನೆ ಬರೆದಿದೆ, ಬರೆದವರು ಅವರೇ. ಬೀಳ್ಕೊಳ್ಳುವಾಗ ನಾನು ಈಗ ಏನೂ ಮಾತು ಕೊಡುವುದಿಲ್ಲ. ಹೋದ ಸಲ ಅವರು ನನ್ನ ಮಗಳನ್ನು ಕರೆದು, "ನಿಮ್ಮಪ್ಪನಿಗೆ ಹೇಳು, ಮುಂದಿನ ಸಲ ಬರುವಾಗ ಹೂ ಕಟ್ಟೋ ದಾರ ತರಲಿ. ಇಲ್ಲಿರೋದು ಮುಗೀತು" ಎಂದರು.