ಹಚ್ಚೆಯೂ ಉದ್ಯೋಗವೂ

ಕೇಂದ್ರ ಸಶಸ್ತ್ರ ಪೊಲೀಸ್ ಪಡೆಯನ್ನು ಸೇರಬಯಸುವ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಅವನು ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾನೆ. ಓಟದಲ್ಲಿಯೂ ಹಿಂದೆ ಬಿದ್ದವನಲ್ಲ. ಎತ್ತರ, ಎದೆಯ ಸುತ್ತಳತೆ ಯಾವುದರಲ್ಲಿಯೂ ಕೊರತೆಯಿಲ್ಲ. ಕಟ್ಟಕಡೆಗೆ ವೈದ್ಯರ ಮುಂದೆ ಅಂಗಿ ಕಳಚಿ ನಿಂತಾಗ, ಬಲಮುಂಗೈಯ ಒಳಭಾಗದಲ್ಲಿ ಹಚ್ಚೆಯಾಗಿ ಬರೆಸಿಕೊಂಡ ತಾಯಿಯ ಹೆಸರು ಕಾಣುತ್ತದೆ. ಅದೇ ಹೆಸರು ಎಡಮುಂಗೈಯ ಒಳಭಾಗದಲ್ಲಿದ್ದು, ಆ ಭಾಗದ ಕಾಲಂಶಕ್ಕಿಂತ ಚಿಕ್ಕದಾಗಿದ್ದರೆ ಯಾವ ಅಭ್ಯಂತರವೂ ಇರುತ್ತಿರಲಿಲ್ಲ. ಬಲಗೈಯಾದರೋ ಸೆಲ್ಯೂಟ್ ಮಾಡುವ ಕೈ. ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಓಡಿದುದೆಲ್ಲ ಕೈ ಬದಲಾದ ಮಾತ್ರಕ್ಕೆ ವ್ಯರ್ಥವಾಗಬಹುದು.

ನಮ್ಮ ಅಜ್ಜಿಯರ ಕಾಲದಲ್ಲಿ ಪರಿಸ್ಥಿತಿ ತಿರುವುಮುರುವಾಗಿದ್ದಿತು. ಆಗ ಹಚ್ಚೆಯಿಲ್ಲದ ಮುಂಗೈಯನ್ನೇ ಜನರು ಬರಿಗೈ ಎಂದು ಭಾವಿಸುತ್ತಿದ್ದರು. ಹಚ್ಚೆ ಹುಯ್ಯುವ ಕೊರವಂಜಿ ಊರಿಗೆ ಬಂದಳೆಂದರೆ ಸೂಜಿಯ ನೋವನ್ನು ಹಲ್ಲು ಕಚ್ಚಿ ಸಹಿಸಲು ಹೆಣ್ಣುಮಕ್ಕಳು ಸಾಲಾಗಿ ಕುಳಿತುಕೊಳ್ಳುತ್ತಿದ್ದರು. ಸತ್ತ ಮೇಲೂ ಸಂಗಡ ಬರುವ ಒಡವೆ ಇದೊಂದೇ ಎಂಬುದು ಅವರ ನಂಬಿಕೆ. ಗಂಡಸರು ಕಿವಿ ಚುಚ್ಚಿಸಿ ಒಂಟಿ ಹಾಕಿಕೊಂಡರೆ ಅದೂ ಗೌರವದ ಲಕ್ಷಣವೇ ಆಗಿದ್ದಿತು. ಇದನ್ನು ಸರಕಾರವೂ ಪೂರ್ತಿಯಾಗಿ ಮರೆತಿಲ್ಲ: ಹಚ್ಚೆಯ ಸಂಪ್ರದಾಯವುಳ್ಳ ಬುಡಕಟ್ಟುಗಳ ಅಭ್ಯರ್ಥಿಗಳಿಗೆ ಭಾರತೀಯ ಭೂಸೇನೆಯ ನಿಯಮಗಳಲ್ಲಿ ವಿನಾಯಿತಿಯುಂಟು.

ಒಮ್ಮೆ ಹುಯ್ದ ಹಚ್ಚೆ ತೊಳೆದರೆ ಹೋಗದಿರುವುದೇಕೆ? ನಮ್ಮ ಹೊರಚರ್ಮವು ಸುಮಾರು ಒಂದು ತಿಂಗಳಿಗೊಮ್ಮೆ ಹಳೆಯ ಪದರವನ್ನು ಉದುರಿಸಿ ಹೊಸದಾಗುತ್ತಿರುವುದು. ಮಸಿ ಅಲ್ಲಿಯೇ ನಿಂತಿದ್ದರೆ ಮುಂದಿನ ಹಬ್ಬದೊಳಗೆ ಮಾಯವಾಗುತ್ತಿದ್ದಿತು. ಸೂಜಿ ಹೊರಚರ್ಮವನ್ನು ದಾಟಿ, ಒಂದೆರಡು ಮಿಲಿಮೀಟರ್ ಆಳದ ಒಳಚರ್ಮಕ್ಕೆ ಮಸಿಯನ್ನು ಇಳಿಸುವುದು. ಸ್ಯಾಮ್ಯುಯೆಲ್ ಓರೈಲಿ ಎಂಬಾತನು 1891ರಲ್ಲಿ ನ್ಯೂಯಾರ್ಕಿನಲ್ಲಿ ಪೇಟೆಂಟ್ ಪಡೆದ ವಿದ್ಯುದ್ಯಂತ ಮಾಡಿದುದೂ ಕೊರವಂಜಿಯ ಈ ಕೆಲಸವನ್ನೇ, ಆದರೆ ಅತ್ಯಂತ ವೇಗವಾಗಿ.

ಮಸಿಯ ಕಣಗಳು ಒಳಹೊಕ್ಕೊಡನೆ ಶರೀರವು ಅವನ್ನು ಶತ್ರುಗಳೆಂದು ಬಗೆಯುವುದು. ಭಕ್ಷಕ ಕಣಗಳೆಂಬ ಕಾವಲುಗಾರರು ಓಡಿಬಂದು ಅವನ್ನು ನುಂಗುವರು. ರೋಗಾಣುವಾಗಿದ್ದರೆ ಅರಗಿಹೋಗುತ್ತಿದ್ದಿತು, ಮಸಿ ಅರಗದು. ಆದುದರಿಂದ ಸೆರೆಯಾಳೂ ಸೆರೆಮನೆಯೂ ಒಂದೇ ಕಡೆ ಉಳಿಯುವುವು. ಈ ಭಕ್ಷಕ ಕಣಗಳೇನೂ ಚಿರಂಜೀವಿಗಳಲ್ಲ. ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು ಇಲಿಗಳ ಬಾಲದ ಮೇಲೆ ಹಸುರು ಹಚ್ಚೆ ಹಾಕಿ, ಮಸಿ ನುಂಗಿದ ಕಣಗಳನ್ನು ಉಪಾಯದಿಂದ ಕೊಂದು ನೋಡಿ, 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಚ್ಚೆ ಕದಲಲಿಲ್ಲ! ಸತ್ತ ಕಣ ಉಗುಳಿದ ಮಸಿಯನ್ನು ಹೊಸದಾಗಿ ಬಂದ ಕಣ ಅಲ್ಲಿಯೇ ನುಂಗಿತ್ತು. ಶರೀರದ ರಕ್ಷಣಾ ವ್ಯವಸ್ಥೆಯೇ ಹಚ್ಚೆಯನ್ನು ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸುತ್ತಾ ಕಾಪಾಡಿಕೊಂಡು ಬರುತ್ತದೆ.

ಚರ್ಮದ ಸಂಗತಿ ಇಷ್ಟಾಯಿತು. ಅದನ್ನು ನೋಡುವವನ ಮನಸ್ಸಿನ ಸಂಗತಿ ಇನ್ನೂ ಜಟಿಲವಾದುದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್, ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ನೀಡಿದ ಅಂಕಗಳನ್ನು ಪರಿಶೀಲಿಸಿ 1920ರಲ್ಲಿ ಲೇಖನವೊಂದನ್ನು ಪ್ರಕಟಿಸಿದನು. ಮೈಕಟ್ಟಿಗೆ ಹೆಚ್ಚು ಅಂಕ ಪಡೆದವನಿಗೆ ಬುದ್ಧಿ, ನಾಯಕತ್ವ, ಶೀಲ ಇವುಗಳಲ್ಲಿಯೂ ಹೆಚ್ಚು ಅಂಕಗಳು ಬಂದಿದ್ದುವು. ಮೈಕಟ್ಟಿಗೂ ಶೀಲಕ್ಕೂ ಅಷ್ಟೊಂದು ನಂಟು ಇರಲಾರದು. ಒಂದು ಗುಣದ ಬೆಳಕು ಉಳಿದವುಗಳ ಮೇಲೂ ಚೆಲ್ಲುವ ಈ ದೋಷವನ್ನು ಪ್ರಭಾವಲಯ ಪರಿಣಾಮವೆನ್ನಬಹುದು. ಬೆಳಕು ಚೆಲ್ಲುವಂತೆ ಕತ್ತಲೆಯೂ ಚೆಲ್ಲುವುದು. ಕುತ್ತಿಗೆಯ ಮೇಲಿನ ಹಚ್ಚೆಯನ್ನೋ ಹುಬ್ಬಿಗೆ ಚುಚ್ಚಿದ ಉಂಗುರವನ್ನೋ ಕಂಡು ಹುಡುಗನು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಾರನೆಂದು ನಿರ್ಣಯಿಸುವ ಪರೀಕ್ಷಕನು ಇದೇ ಬಲೆಯಲ್ಲಿ ಬಿದ್ದವನು.

ಇಸ್ರೇಲಿನಲ್ಲಿ ಇಬ್ಬರು ಸಂಶೋಧಕರು ಕಾಲ್ಪನಿಕ ಅಭ್ಯರ್ಥಿಗಳ ಹೆಸರಿನಲ್ಲಿ 2,656 ಹುದ್ದೆಗಳಿಗೆ 5,312 ಅರ್ಜಿಗಳನ್ನು ಕಳುಹಿಸಿ, ಫಲವನ್ನು 2015ರಲ್ಲಿ ಪ್ರಕಟಿಸಿದರು. ಪ್ರತಿ ಹುದ್ದೆಗೆ ಕಳುಹಿಸಿದ ಜೋಡಿಯಲ್ಲಿ ಒಂದಕ್ಕೆ ಮಾತ್ರ ಭಾವಚಿತ್ರವಿದ್ದಿತು. ಸುರೂಪಿ ಗಂಡಸರಿಗೆ ಶೇಕಡ 19.9ರಷ್ಟು, ಸಾಧಾರಣ ರೂಪದವರಿಗೆ 13.7ರಷ್ಟು, ಭಾವಚಿತ್ರವನ್ನೇ ಇಡದವರಿಗೆ 9.2ರಷ್ಟು ಕರೆಗಳು ಬಂದುವು. ಸ್ತ್ರೀಯರ ವಿಷಯದಲ್ಲಿ ಫಲ ಉಲ್ಟಾ ಆಯಿತು: ಚಿತ್ರವಿಡದವರಿಗೇ ಹೆಚ್ಚು ಕರೆಗಳು! ರೂಪದ ತಕ್ಕಡಿ ಎಲ್ಲರಿಗೂ ಒಂದೇ ಬಗೆಯಾಗಿ ತೂಗುವುದಿಲ್ಲವೆಂದಾಯಿತು.

ಹಾಗಾದರೆ ಹಚ್ಚೆಯವರೆಲ್ಲರಿಗೂ ಬಾಗಿಲು ಮುಚ್ಚಿತೇ? ಹಾಗೂ ಹೇಳುವಂತಿಲ್ಲ. ಅಮೆರಿಕದ 2,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಚ್ಚೆಯುಳ್ಳವರ ಉದ್ಯೋಗವಾಗಲಿ ಸಂಪಾದನೆಯಾಗಲಿ ಇತರರಿಗಿಂತ ಕಡಿಮೆಯೆಂದು ಕಂಡುಬರಲಿಲ್ಲ. ಆದರೆ ಅದು ಆ ದೇಶದ ಮಾತು. ಅಲ್ಲಿ ಹಚ್ಚೆ ಸರ್ವಸಾಮಾನ್ಯವಾಗಿದೆ. ನಮ್ಮಲ್ಲಿಯೂ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವನ ತೋಳನ್ನು ಯಾರೂ ಅಳೆಯುವುದಿಲ್ಲ. ಸಮವಸ್ತ್ರದ ಕೆಲಸಗಳಲ್ಲಿ ಮಾತ್ರ ಅಳೆಯುವರು, ಮತ್ತು ಅಲ್ಲಿ ಅಭ್ಯರ್ಥಿಯ ವಾದಕ್ಕಿಂತ ಅಚ್ಚಾದ ನಿಯಮಕ್ಕೇ ಬೆಲೆ. ಸೆಲ್ಯೂಟ್ ಮಾಡುವ ಕೈಯಲ್ಲಿ ತಾಯಿಯ ಹೆಸರಿದ್ದರೆ ಶಿಸ್ತಿಗೆ ಯಾವ ಕುಂದು ಬರುವುದೋ ನನಗಂತೂ ತಿಳಿಯದು. ಆದರೂ ನೇಮಕಾತಿಯ ಪ್ರಕಟಣೆಯಲ್ಲಿ ವಯಸ್ಸು, ವಿದ್ಯಾರ್ಹತೆಗಳ ಜೊತೆಗೆ ಹಚ್ಚೆಯ ನಿಯಮವನ್ನೂ ಓದಿಕೊಳ್ಳುವುದು ಹುಯ್ಯಿಸಿಕೊಳ್ಳುವ ಮುನ್ನವೇ ಆಗಬೇಕು.

ಹುಯ್ಯಿಸಿಕೊಂಡ ಮೇಲೆ ಉಳಿಯುವ ಮುಖ್ಯ ದಾರಿ ಲೇಸರ್. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗವನ್ನು ನ್ಯಾನೊಸೆಕೆಂಡ್ ಎನ್ನುವರು. ಕೆಲವೇ ನ್ಯಾನೊಸೆಕೆಂಡುಗಳಷ್ಟು ಮಿಂಚಿ ಮರೆಯಾಗುವ ಬೆಳಕನ್ನು ಮಸಿ ಹೀರಿಕೊಂಡು, ತಟಕ್ಕನೆ ಕಾದು, ನುಚ್ಚಾಗುವುದು. ದೊಡ್ಡ ಕಣವನ್ನು ಸಾಗಿಸಲಾರದಿದ್ದ ಶರೀರವು ನುಚ್ಚನ್ನು ದುಗ್ಧನಾಳಗಳ ಮೂಲಕ ಮೆಲ್ಲಮೆಲ್ಲನೆ ಸಾಗಿಸುವುದು. ಕಪ್ಪು ಮಸಿ ಬೇಗ ಬಗ್ಗುವುದು. ಹಳದಿಯದು ಬಲು ಹಟಮಾರಿ. ನಮ್ಮಂತಹ ಕಂದುಬಣ್ಣದವರ ಚರ್ಮದಲ್ಲಿ ಸಹಜ ವರ್ಣಕವೂ ಬೆಳಕನ್ನು ಹೀರುವುದರಿಂದ ಬಿಳಿಯ ಇಲ್ಲವೆ ಕಪ್ಪು ಕಲೆ ಉಳಿಯುವ ಭಯವಿದೆ. ಒಂದು ಸರದಿಯ ಗಾಯ ಮಾಗಿ ಮುಂದಿನ ಸರದಿಗೆ ಚರ್ಮ ಸಿದ್ಧವಾಗಲು ವಾರಗಟ್ಟಲೆ ಕಾಯಬೇಕು. ಇಂತಹ ಸರದಿಗಳು ಹಲವಾರು ಬೇಕಾಗುವುವು. ಕೊರವಂಜಿ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದ ಕೆಲಸವನ್ನು ಅಳಿಸಲು ಒಂದು ವರ್ಷವೇ ಹಿಡಿದರೂ ಆಶ್ಚರ್ಯವಿಲ್ಲ. ಅಷ್ಟರಲ್ಲಿ ವೈದ್ಯಕೀಯ ಪರೀಕ್ಷೆಯ ದಿನ ಕಳೆದುಹೋಗಿರುತ್ತದೆ.